ಪುಟ್ಟಿ ಸಿಗುತ್ತಿಲ್ಲ

ಬೆಳಿಗ್ಗೆ ಕಾರಿನ ಕೀಲಿ ತಿರುಗಿಸಿದರೆ ನಮ್ಮ ಸ್ಟೀರಿಯೋ ಮೊದಲು ಹುಡುಕುವುದು ನನ್ನನ್ನಲ್ಲ, ಪುಟ್ಟಿಯನ್ನು. ಪರದೆಯ ಮೇಲೆ ‘ಕನೆಕ್ಟಿಂಗ್: ಪುಟ್ಟಿ’ ಅಂತ ಬರುತ್ತದೆ. ಚುಕ್ಕಿಗಳು ಓಡುತ್ತವೆ. ಪುಟ್ಟಿ ಸಿಗುವುದಿಲ್ಲ. ಆಮೇಲೆ, ಹೋಗ್ಲಿ ಇವನಾದರೂ ಇದ್ದಾನಲ್ಲ ಅನ್ನುವ ಹಾಗೆ ನನ್ನ ಫೋನಿನ ಕಡೆ ತಿರುಗುತ್ತದೆ. ಅದೂ ಮನಸ್ಸಿದ್ದರೆ.

ಕಾರು ಸೆಕೆಂಡ್ ಹ್ಯಾಂಡ್. ತಗೊಂಡು ಎರಡು ವರ್ಷವಾಯಿತು. ಮಾರಿದವರು ಐವತ್ತು ದಾಟಿದ, ದಪ್ಪ ಮೀಸೆಯ ಗಂಭೀರ ಮನುಷ್ಯ. ಆರ್‌ಸಿ, ಇನ್ಶೂರೆನ್ಸ್, ಎರಡನೇ ಕೀಲಿ, ಸ್ಟೆಪ್ನಿ, ಜಾಕು ಎಲ್ಲ ತೋರಿಸಿದರು. ಪುಟ್ಟಿಯ ವಿಷಯ ಮಾತ್ರ ಬಾಯಿ ಬಿಡಲಿಲ್ಲ. ಮಗಳಿರಬಹುದು, ಹೆಂಡತಿ ಇರಬಹುದು. ಮನೆಯಲ್ಲಿ ಅವರನ್ನೇ ಹಾಗೆ ಕರೆಯುತ್ತಿದ್ದರೋ ಏನೋ! ಫೋನ್ ಮಾಡಿ ಕೇಳುವಂಥ ಪ್ರಶ್ನೆಯೂ ಅಲ್ಲ.

ಈ ಸ್ಟೀರಿಯೋ ಐದು ಫೋನನ್ನು ನೆನಪಿಟ್ಟುಕೊಳ್ಳುತ್ತದೆ. ಪುಟ್ಟಿ, ನಾನು, ನನ್ನ ಹೆಂಡತಿ, ಮಗ. ಐದನೆಯದು ‘ಡೆವಿಲ್’. ಇದು ಯಾರದೆಂದು ನನಗೆ ಗುಮಾನಿಯಿದೆ. ಸರ್ವಿಸ್‌ಗೆ ಬಿಟ್ಟಾಗ ಯಾವನೋ ಹುಡುಗ ಸ್ಪೀಕರ್ ಪರೀಕ್ಷೆ ಮಾಡುವ ನೆಪದಲ್ಲಿ ತನ್ನ ಫೋನು ಜೋಡಿಸಿಕೊಂಡು ಒಂದು ಮಧ್ಯಾಹ್ನ ಸುಖವಾಗಿ ಕಳೆದಿದ್ದಾನೆ. ಬಿಲ್ಲಿನಲ್ಲಿ ‘ಜನರಲ್ ಚೆಕಪ್’ ಅಂತ ಇತ್ತು.

ಪುಟ್ಟಿಯನ್ನು ತೆಗೆದುಹಾಕೋದು ಎರಡೇ ನಿಮಿಷದ ಕೆಲಸ ಅನ್ನುತ್ತಾನೆ ಮಗ. ಈ ‘ಎರಡೇ ನಿಮಿಷ’ದವರನ್ನು ಕಂಡರೆ ನನಗೆ ಆಗುವುದಿಲ್ಲ. ಮುಂದಿನ ಸೀಟಿನಲ್ಲಿ ಕೂತು, ಕೇಳದೆ ತಮ್ಮ ಫೋನು ಜೋಡಿಸಿ, ಪಲ್ಲವಿ ಮುಗಿದು ಚರಣ ಬರುವಷ್ಟರಲ್ಲಿ ‘ಇದು ಬೇಡ’ ಅಂತ ಹಾಡು ಬದಲಿಸುವವರೂ ಇವರೇ.

ಇರಲಿ. ಈ ಜೋಡಿಸುವ ಕೆಲಸದ ಬಗ್ಗೆ ಯೋಚಿಸಿ ಯೋಚಿಸಿ ನನಗೊಂದು ದೊಡ್ಡ ವಿಷಯ ಹೊಳೆದಿದೆ. ಅದನ್ನು ಹೇಳೋಕೇ ಇದನ್ನು ಬರೆಯಲು ಕೂತದ್ದು. ಅದಕ್ಕೆ ಮುಂಚೆ ನಮ್ಮ ಮಾವನ ವಿಷಯ ಒಂಚೂರು ಹೇಳಬೇಕು.

ಮಾವ ಸಾಗರದ ಕಡೆಯವರು. ಅಡಿಕೆ ತೋಟ, ಬಾಯಲ್ಲಿ ಎಲೆಯಡಿಕೆಯ ಕವಳ, ತಲೆಯಲ್ಲಿ ತಾಳಮದ್ದಲೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತೇ ನಡೆಸುವ ಯಕ್ಷಗಾನ. ಬ್ಲೂಟೂತ್ ಅನ್ನುವ ಹೆಸರು ಹತ್ತನೇ ಶತಮಾನದ ಡೆನ್ಮಾರ್ಕಿನ ರಾಜನೊಬ್ಬನದು, ಹೆರಾಲ್ಡ್ ಅಂತ, ನೀಲಿ ಹಲ್ಲಿನವನು ಎಂದು ಒಮ್ಮೆ ಹೇಳಿದ್ದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, “ಪಾಪ, ಕವಳ ಹಾಕೋ ಅಭ್ಯಾಸ ಇರ್ಲಿಲ್ಲ ಅಂತ ಕಾಣ್ತದೆ” ಅಂದರು.

ನನ್ನ ಹಳೆಯ ಕಾರಿನಲ್ಲಿ ಕ್ಯಾಸೆಟ್ ಪ್ಲೇಯರ್ ಇತ್ತು. ಅದಕ್ಕೆ ಬಾಲವಿರುವ ಕ್ಯಾಸೆಟ್ ತಂದಿದ್ದೆ. ಒಳಗೆ ಟೇಪೇ ಇರದ, ವೈರಿನ ತುದಿಯನ್ನು ಫೋನಿಗೆ ಚುಚ್ಚುವ ಕ್ಯಾಸೆಟ್. ಅರ್ಧ ಗಂಟೆ ತಾಳಮದ್ದಲೆ ಕೇಳಿದ ಮಾವ ಅದನ್ನು ಹೊರತೆಗೆದು, ತಿರುಗಿಸಿ, ಹಾಕಲು ಪರದಾಡುತ್ತಿದ್ದರು. “ಬಿ ಸೈಡ್ ಹಾಕ್ತಾ ಇದ್ದೆ” ಎಂದರು. ಅದು ಅಂದಿಗೆ ಸತ್ತಿತು.

ಆಮೇಲೆ ಬಂದದ್ದು ಎಫ್ಎಂ ಟ್ರಾನ್ಸ್‌ಮಿಟರ್. ಸಿಗರೇಟು ಹಚ್ಚುವ ತೂತಿಗೆ ಸಿಕ್ಕಿಸುವ, ಫೋನಿನ ಹಾಡನ್ನು ಕಾರಿನ ರೇಡಿಯೋಗೆ ಬಿತ್ತರಿಸುವ, ಹೆಬ್ಬೆರಳಿನಷ್ಟು ದಪ್ಪದ ಪುಟ್ಟ ಆಕಾಶವಾಣಿ. ಇದಕ್ಕೆ ರೇಡಿಯೋದಲ್ಲಿ ಖಾಲಿ ಜಾಗ ಬೇಕು. ಬೆಂಗಳೂರಿನಲ್ಲಿ ಖಾಲಿ ಜಾಗ! 91.1ರಲ್ಲಿ ಒಬ್ಬರು, 101.3ರಲ್ಲಿ ರೇನ್‌ಬೋ, 102.9ರಲ್ಲಿ ವಿವಿಧ ಭಾರತಿ. ಎಲ್ಲೆಲ್ಲೂ ಕಾಂಪೌಂಡು. ಸೈಟು ಹುಡುಕಿದ ಹಾಗೆ ಹುಡುಕಿ, ಕೊನೆಗೆ ಊರಾಚೆ 87.5ರಲ್ಲಿ ಒಂದು ಸಿಕ್ಕಿತು. ಅಲ್ಲಿ ನಮ್ಮ ತಾಳಮದ್ದಲೆ ನೆಲೆ ನಿಂತಿತು.

ಮಾವ, ಅತ್ತೆಯನ್ನು ಕೂರಿಸಿಕೊಂಡು ಸಾಗರಕ್ಕೆ ಹೊರಟಿದ್ದೆವು. ಫಾಸ್ಟ್ಯಾಗ್ ಇನ್ನೂ ಕಡ್ಡಾಯವಾಗಿರಲಿಲ್ಲ. ನೆಲಮಂಗಲದ ಟೋಲಿನಲ್ಲಿ ಉದ್ದನೆಯ ಕ್ಯೂ. ಒಳಗೆ ಕೃಷ್ಣ ಸಂಧಾನಕ್ಕೆ ಬಂದಿದ್ದಾನೆ. ಭಾಗವತರ ಪದ ಮುಗಿದು ಮದ್ದಲೆ ನಿಂತಿತು. ಅರ್ಥಧಾರಿ ಗಂಟಲು ಸರಿಮಾಡಿಕೊಂಡು, ಅರ್ಧ ರಾಜ್ಯ ಬೇಡ, ಐದೇ ಐದು ಊರು ಕೊಡು ಸಾಕು ಎಂದರು. ಕೌರವನ ಉತ್ತರಕ್ಕೆ ಮಾವ ಮುಂದಕ್ಕೆ ಬಾಗಿದರು. ಉತ್ತರವಾಗಿ ಬಂದದ್ದು ಮಕ್ಕಳ ಪದ್ಯ. ಬಂದ ಆನೆ ಯಾವ ಊರಿನದು ಎಂದು ಕೇಳುವ ಪದ್ಯ!

ಎಫ್ಎಂ ಸ್ವಭಾವ ಹಾಗೆ. ಒಂದೇ ಜಾಗದಲ್ಲಿ ಇಬ್ಬರಾದರೆ ಗಲಾಟೆಯಾಗುವುದು ಕಡಿಮೆ. ಜೋರಿರುವವನು ಇನ್ನೊಬ್ಬನನ್ನು ಪೂರ್ತಿ ನುಂಗಿಬಿಡುತ್ತಾನೆ. ಪಕ್ಕದ ಸಾಲಿನಲ್ಲಿ ಒಂದು ಬಿಳಿ ಕಾರು. 87.5ರ ಅದೇ ಸೈಟನ್ನು ಅವರಿಗೂ ಮಾರಿದ್ದರು ಅನ್ನಿ. ಅವರ ಸಾಲು ಮುಂದೆ ಹೋದರೆ ಕೌರವ, ನಮ್ಮ ಸಾಲು ಮುಂದೆ ಹೋದರೆ ಆನೆ. ಮಾವ ಕೆಂಪಾಗಿದ್ದರು. ಅತ್ತೆ ಮಾತ್ರ ಹಿಂದಿನ ಸೀಟಿನಲ್ಲಿ ಆನೆಯ ತಾಳಕ್ಕೆ ಕಾಲು ಕುಣಿಸುತ್ತಿದ್ದರು.

ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿದರೆ, ಅದೇ ಬಿಳಿ ಕಾರು ಬಂದು ಪಕ್ಕದಲ್ಲಿ ನಿಂತಿತು. ನಮ್ಮ ಕಾರಿನ ಬಾಗಿಲು ತೆರೆದಿತ್ತು, ಕೃಷ್ಣ ಇನ್ನೂ ಮಾತಾಡುತ್ತಿದ್ದ. ಇಳಿದವರು ಹುಬ್ಬಳ್ಳಿಯವರು. ನೇರ ಮಾವನ ಹತ್ತಿರ ಬಂದರು.

“ಆ ಭಾಷಣ ನಿಮ್ಮದೇನ್ರಿ? ನಮ್ಮ ಹುಡುಗನ ಪದ್ಯ ಹಚ್ಚಿದ್ರ ನಡುವ ಯಾರೋ ಐದೂರು ಕೇಳಾಕತ್ತಿದ್ರು.”

“ಭಾಷಣ ಅಲ್ಲ ಅದು. ಅರ್ಥಗಾರಿಕೆ” ಅಂದರು ಮಾವ, ಬಿಗಿಯಾಗಿ.

“ಮತ್ತ ಕೊಟ್ಟನೇನ್ರಿ?”

ಮಾವನ ಮುಖ ಅರಳಿತು. ಇಷ್ಟು ವರ್ಷದಲ್ಲಿ ಅವರ ಅಳಿಯ ಈ ಪ್ರಶ್ನೆ ಕೇಳಿರಲಿಲ್ಲ. “ಎಲ್ಲಿ ಕೊಡ್ತಾನೆ!”

“ಕೊಡೂದಿಲ್ಲ ಬಿಡ್ರಿ. ನಮ್ಮ ಅಣ್ಣನೂ ಹಂಗ. ಹೊಲದ ಕೇಸು ಹನ್ನೊಂದು ವರ್ಷ ಆತು.”

ಶುರುವಾಯಿತು ನೋಡಿ. ಹೊಲ ಎಷ್ಟು ಎಕರೆ, ಬದು ಎಲ್ಲಿ, ಬೋರ್‌ವೆಲ್ ಯಾರ ಪಾಲಿಗೆ ಬಂತು, ವಕೀಲರು ಎಷ್ಟು ತಿಂದರು. ಮಾವ ಒಂದೊಂದಕ್ಕೂ ಮಹಾಭಾರತದಿಂದ ಒಂದೊಂದು ಸಾಕ್ಷಿ ಕೊಟ್ಟರು. ಇಡ್ಲಿ ಬಂತು, ಬೆಣ್ಣೆ ಕರಗಿತು, ಇಡ್ಲಿ ಆರಿತು. ಅವರ ಹುಡುಗ ನಮ್ಮ ಕಾರಿನಲ್ಲಿ ಕೂತು ತನ್ನ ಆನೆಯನ್ನು ಹುಡುಕುತ್ತಿದ್ದ. ಮುಕ್ಕಾಲು ಗಂಟೆ. ಕೊನೆಗೆ ಮಾವ ಅವರ ಕೈ ಹಿಡಿದು, “ರಾಜಿ ಆಗಿಬಿಡಿ” ಎಂದರು. ನನಗೆ ನಗು ಬಂತು. ಇವರದೇ ತಮ್ಮನ ಜೊತೆ ಕಾಲುಸಂಕದ ಜಗಳ ಇನ್ನೂ ಮುಗಿದಿಲ್ಲ.

ತುಮಕೂರಿನಲ್ಲಿ ಅವರು ಹುಬ್ಬಳ್ಳಿ ದಾರಿ ಹಿಡಿದರು. ನಾವು ಗುಬ್ಬಿ ಕಡೆ ಹೊರಳಿದೆವು. ಅಲ್ಲಿಂದ ಮುಂದೆ 87.5 ಪೂರ್ತಿ ನಮ್ಮದೇ. ಆದರೂ ತಿಪಟೂರು ಬರುವವರೆಗೂ ಮಾವ ಎರಡು ಸಲ ಹಿಂತಿರುಗಿ ನೋಡಿದರು.

ಅದಾದ ಮೇಲೆ ಒಂದು ಕಾರಿಗೆ, ಫೋನಿನ ಇಯರ್‌ಫೋನ್ ತೂತಿಗೆ ಚುಚ್ಚುವ 3.5 ಮಿಲಿಮೀಟರಿನ ವೈರು ಬಂತು. ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು, ಮಡಚಿದ ಟೋಲ್ ಚೀಟಿಯನ್ನು ಬೆಣೆಯ ಹಾಗೆ ಒತ್ತಿಟ್ಟರೆ. ಅದಕ್ಕೆ ಒಗ್ಗಿಕೊಳ್ಳುವಷ್ಟರಲ್ಲಿ ಫೋನ್ ಕಂಪನಿಗಳು ಆ ತೂತನ್ನೇ ಮುಚ್ಚಿದವು. 2016ರ ಐಫೋನಿನಿಂದ ಈ ಚಾಳಿ ಜೋರಾಯಿತು. ತೂತು ಮುಚ್ಚಿದ್ದಕ್ಕೆ ನಾವು ದುಡ್ಡು ಜಾಸ್ತಿ ಕೊಟ್ಟೆವು, ಅಲ್ವಾ? ಪೆನ್‌ಡ್ರೈವಿನ ಕಥೆ ಬೇಡ. ನನ್ನದರಲ್ಲಿ ಮಂಗಳಾರತಿಯ ಹಾಡು ಯಾವಾಗಲೂ ಮೊದಲು ಬರುತ್ತದೆ.

ಹಾಂ, ಆ ದೊಡ್ಡ ವಿಷಯ. ಅದಕ್ಕೇ ಬರುತ್ತಿದ್ದೆ. ಇಷ್ಟು ಬರೆಯುವಷ್ಟರಲ್ಲಿ ಮಗ ಬಂದು ಬೆನ್ನ ಹಿಂದೆ ನಿಂತು ಓದಿ, ಕೀಲಿ ತಗೊಂಡು ಕೆಳಗೆ ಹೋದ. ಗಡಿಯಾರ ನೋಡಿದೆ. ದರಿದ್ರ, ನಿಜವಾಗಿಯೂ ಎರಡೇ ನಿಮಿಷ.

“ಪುಟ್ಟಿ ಹೋದಳು” ಅಂದ.

ಮಾತಾಡಲಿಲ್ಲ ನಾನು. ಹಾಲು ತರುವ ನೆಪ ಹೇಳಿ ಕೆಳಗೆ ಹೋದೆ. ಕಾರಿನಲ್ಲಿ ಕೂತು ಕೀಲಿ ತಿರುಗಿಸಿದೆ. ಪರದೆ ಹೊತ್ತಿಕೊಂಡಿತು. ಚುಕ್ಕಿಗಳು ಓಡಿದವು.

‘ಕನೆಕ್ಟಿಂಗ್: ಡೆವಿಲ್.’