ಹೆಸರನ್ನು ಬೇರೆಯವರಿಗೆ ಬಿಟ್ಟುಕೊಟ್ಟವನು

ಫ್ಲೀಟ್‌ವುಡ್ ಮ್ಯಾಕ್ ಎಂಬ ರಾಕ್ ಬ್ಯಾಂಡಿನ ಹೆಸರು ಹೇಳಿದೊಡನೆ ಹೆಚ್ಚಿನವರಿಗೆ ನೆನಪಾಗುವುದು 1977ರ ‘ರೂಮರ್ಸ್’ ಆಲ್ಬಂ ಮತ್ತು ಗಾಯಕಿ ಸ್ಟೀವಿ ನಿಕ್ಸ್. ನಾನೂ ಆ ಬಾಗಿಲಿನಿಂದಲೇ ಒಳಹೊಕ್ಕವನು. ಆದರೆ ಅದಕ್ಕೂ ಹತ್ತು ವರ್ಷ ಮೊದಲು ಬ್ಲೂಸ್ ನುಡಿಸುತ್ತಿದ್ದ ಇದೇ ಬ್ಯಾಂಡನ್ನು ‘ಆರಂಭದ ದಿನಗಳು’ ಎಂದು ಒಂದೇ ಸಾಲಿನಲ್ಲಿ ಮುಗಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

1967ರಲ್ಲಿ ಲಂಡನ್ನಿನಲ್ಲಿ ಆ ಬ್ಯಾಂಡ್ ಕಟ್ಟಿದ ಗಿಟಾರಿಗ ಪೀಟರ್ ಗ್ರೀನ್‌ಗೆ ಆಗ ಇಪ್ಪತ್ತು ವರ್ಷ. ಬ್ಲೂಸ್ ಗಾಯಕ ಜಾನ್ ಮೇಯಲ್‌ನ ತಂಡದಲ್ಲಿ ಹೆಸರಾಂತ ಗಿಟಾರಿಗ ಎರಿಕ್ ಕ್ಲಾಪ್ಟನ್ ಬಿಟ್ಟುಹೋದ ಜಾಗಕ್ಕೆ ಬಂದು ಸೈ ಎನಿಸಿಕೊಂಡಿದ್ದವನು. ಹೊಸ ಬ್ಯಾಂಡಿಗೆ ತನ್ನ ಹೆಸರನ್ನೇ ಇಟ್ಟುಕೊಂಡಿದ್ದರೆ ಯಾರೂ ಬೇಡ ಎನ್ನುತ್ತಿರಲಿಲ್ಲ. ಇಟ್ಟದ್ದು ಡ್ರಮ್ಸ್ ನುಡಿಸುವ ಮಿಕ್ ಫ್ಲೀಟ್‌ವುಡ್, ಬಾಸ್ ನುಡಿಸುವ ಜಾನ್ ಮೆಕ್‌ವೀ ಇಬ್ಬರದು. ತಮಾಷೆಯೆಂದರೆ ಮೆಕ್‌ವೀ ಆಗಿನ್ನೂ ಮೇಯಲ್‌ನ ಸಂಬಳ ಬಿಟ್ಟು ಬಂದೇ ಇರಲಿಲ್ಲ! ಅವನು ಬರುವ ತನಕ ಬಾಸ್ ಹಿಡಿದವನು ಬಾಬ್ ಬ್ರನಿಂಗ್.

ಈ ಬ್ಯಾಂಡಿನ ‘ಆಲ್ಬಟ್ರಾಸ್’ ಕೇಳಿದ್ದೀರಾ? ಒಂದು ಮಾತೂ ಇಲ್ಲದ, ಅವಸರವೇ ಗೊತ್ತಿಲ್ಲದ ಆ ವಾದ್ಯಸಂಗೀತ 1969ರ ಆರಂಭದಲ್ಲಿ ಬ್ರಿಟನ್ನಿನ ರೆಕಾರ್ಡ್ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತ್ತು. ಗ್ರೀನ್ ಒಂದು ಸ್ವರ ನುಡಿಸಿ ಕಾಯುತ್ತಾನೆ. ಮುಂದಿನದು ಬರುವ ತನಕ ನಾವೂ ಕಾಯುತ್ತೇವೆ. ಬೆರಳುಗಳ ವೇಗವನ್ನೇ ಪಾಂಡಿತ್ಯವೆಂದುಕೊಂಡ ಗಿಟಾರಿಗರ ಕಾಲದಲ್ಲಿ ಈ ಸಂಯಮ ಎಲ್ಲಿಂದ ಬಂತೋ.

ಆಮೇಲಿನ ಕತೆಯನ್ನು ಜನ ಚಪ್ಪರಿಸಿಕೊಂಡು ಹೇಳುತ್ತಾರೆ. ಗ್ರೀನ್ 1970ರಲ್ಲಿ ಬ್ಯಾಂಡ್ ಬಿಟ್ಟ. ಎಲ್‌ಎಸ್‌ಡಿ ಎಂಬ ಮಾದಕದ್ರವ್ಯ, ಮಾನಸಿಕ ಕಾಯಿಲೆ, ಆಸ್ಪತ್ರೆ. ಬ್ಯಾಂಡಿನಲ್ಲಿ ಸ್ಲೈಡ್ ಗಿಟಾರ್ ನುಡಿಸುತ್ತಿದ್ದ ಜೆರೆಮಿ ಸ್ಪೆನ್ಸರ್ 1971ರಲ್ಲಿ ಲಾಸ್ ಏಂಜಲೀಸ್‌ನ ಹೋಟೆಲಿನಿಂದ ಹೊರಗೆ ಹೋದವನು ಧಾರ್ಮಿಕ ಪಂಥವೊಂದನ್ನು ಸೇರಿಬಿಟ್ಟ. ಹದಿನೆಂಟಕ್ಕೇ ಬ್ಯಾಂಡಿಗೆ ಬಂದ ಗಿಟಾರಿಗ ಡ್ಯಾನಿ ಕಿರ್ವನ್‌ನನ್ನು 1972ರಲ್ಲಿ ಹೊರಹಾಕಲಾಯಿತು. ಮುಂದೆ ನಿಲ್ಲಲು ಮನೆಯೂ ಇಲ್ಲದ ದಿನಗಳನ್ನು ಕಂಡ. ಇದಕ್ಕೆಲ್ಲ ‘ಶಾಪ’ ಎಂದು ಹೆಸರಿಡುವುದು ಸೋಮಾರಿತನ. ಕಾಯಿಲೆ ಬಿದ್ದವನಿಗೆ ಬೇಕಿದ್ದದ್ದು ಆರೈಕೆ, ದಂತಕತೆಯಲ್ಲ. ಗ್ರೀನ್ ತೊಂಬತ್ತರ ದಶಕದಲ್ಲಿ ಸ್ಪ್ಲಿಂಟರ್ ಗ್ರೂಪ್ ಎಂಬ ಬ್ಯಾಂಡ್ ಕಟ್ಟಿಕೊಂಡು ಮತ್ತೆ ವೇದಿಕೆಗೆ ಬಂದ, 2020ರ ತನಕ ಬದುಕಿದ್ದ ಎಂಬುದನ್ನು ಮಾತ್ರ ಈ ಕತೆಗಾರರು ಮರೆಯುತ್ತಾರೆ. ಅವನು ಮಾರಿದ 1959ರ ಲೆಸ್ ಪಾಲ್ ಗಿಟಾರು ಗಿಟಾರಿಗ ಗ್ಯಾರಿ ಮೂರ್‌ನ ಕೈ ಸೇರಿ, ಈಗ ಮೆಟಾಲಿಕಾ ಬ್ಯಾಂಡಿನ ಕರ್ಕ್ ಹ್ಯಾಮೆಟ್ ಬಳಿ ಇದೆ. ಗಿಟಾರಿನ ಜಾತಕ ಬಲ್ಲವರಿಗೂ ಅದನ್ನು ಮೊದಲು ಮಾತಾಡಿಸಿದವನ ಕೊನೆಯ ವರ್ಷಗಳು ಗೊತ್ತಿಲ್ಲ.

ಹೆಸರು ಪಡೆದ ಇಬ್ಬರು ಮಾತ್ರ ಎಲ್ಲ ಬಿರುಗಾಳಿಗಳಲ್ಲೂ ಬ್ಯಾಂಡನ್ನು ಹಿಡಿದುಕೊಂಡರು. ತಾನು ಎಂದಾದರೂ ಹೊರಟುಹೋದರೆ ಇವರಿಗೊಂದು ಬ್ಯಾಂಡ್ ಉಳಿಯಲಿ ಎಂದೇ ಗ್ರೀನ್ ಆ ಹೆಸರಿಟ್ಟನೆಂದು ಮಿಕ್ ಹೇಳಿಕೊಂಡಿದ್ದಾನೆ.

ಅಂದಹಾಗೆ, ಕೆಲವೇ ವಾರ ಬಾಸ್ ನುಡಿಸಿದ ಬ್ರನಿಂಗ್ ಶಾಲೆಯ ಮೇಷ್ಟರಾದ. ಪಾಠ ಹೇಳುತ್ತ, ಬಿಡುವಿನಲ್ಲಿ ಬ್ಲೂಸ್ ನುಡಿಸುತ್ತ, ಅದರ ಬಗ್ಗೆ ಪುಸ್ತಕಗಳನ್ನು ಬರೆಯುತ್ತ ಇದ್ದ.