ಹಳೆ ಕಾರಿಗೆ ಮೊದಲು ಬಣ್ಣ ಹೊಡೆಸಬೇಡಿ

ಕಾಕಾನ 1967ರ ಫಿಯೆಟ್ 1100 ಕಾರು ಧಾರವಾಡದ ಮಾಳಮಡ್ಡಿಯ ಮನೆ ಹಿತ್ತಲಲ್ಲಿ ವರ್ಷಗಟ್ಟಲೆ ನಿಂತಿತ್ತು. ಈಗ ಹುಬ್ಬಳ್ಳಿಯ ಒಂದು ಗ್ಯಾರೇಜಿನಲ್ಲಿದೆ. "ಪೂರ್ತಿ ಬಿಚ್ಚಿ, ಬಣ್ಣ ಕೆರದು, ಶೋರೂಮಿನ ಗಾಡಿ ಮಾಡಿ ಕೊಡ್ತೀನ್ರಿ ಸರ" ಅಂದರು ಮಿಸ್ತ್ರಿ. ಕಾಕಾಗೂ ಆಸೆ ಹುಟ್ಟಿತು. ನಾನು ಬೇಡ ಅಂತ ಹಟ ಹಿಡಿದೆ.

ಗಾಡಿ ಓಡೋಕೆ, ನಿಲ್ಲೋಕೆ, ಕೊಳೆಯದೇ ಉಳಿಯೋಕೆ ಏನು ಬೇಕೋ ಅದಕ್ಕೆ ಧಾರಾಳವಾಗಿ ಖರ್ಚು ಮಾಡಿ. ಉಳಿದದ್ದನ್ನು ಮುಟ್ಟಬೇಡಿ. ಇದು ನನ್ನ ಮಾತು.

ಇದಕ್ಕೆ ನಾಲ್ಕೂ ಗಾಲಿಗೆ ಡ್ರಮ್ ಬ್ರೇಕ್. ಬ್ರೇಕ್ ಸಿಲಿಂಡರಿನ ರಬ್ಬರ್ ಒಣಗಿದ್ದರೆ ಎಲ್ಲವನ್ನೂ ಬದಲಿಸಲೇಬೇಕು. ಪೆಟ್ರೋಲ್ ಪೈಪುಗಳದ್ದೂ ಅದೇ ಕಥೆ. ಈಗ ಬಂಕಿನಲ್ಲಿ ಬರೋದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಹಳೆ ರಬ್ಬರ್ ಅದಕ್ಕೆ ತಡೆಯೋದಿಲ್ಲ, ಸೋರಿದರೆ ಬೆಂಕಿ ಭಯ.

ಬಾಡಿ ನೋಡೋಕೆ ಆಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಮೆಲ್ಲಗೆ ಸರಿಸುತ್ತ ಹೋದೆವು. ಉದ್ದಕ್ಕೂ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಹಿಂದಿನ ಗಾಲಿಯ ಹತ್ತಿರ ಬಂದ ಕೂಡಲೇ ಸಡಿಲಾಯಿತು. ಕೆರೆದು ನೋಡಿದರೆ ತೂತು ಮುಚ್ಚೋಕೆ ಮೆತ್ತುವ ದಪ್ಪ ಪುಟ್ಟಿ, ಆಯಸ್ಕಾಂತ ಅದಕ್ಕೆ ಕಚ್ಚೋದಿಲ್ಲ; ಅದರಡಿ ಬೆರಳು ಹೋಗುವಷ್ಟು ತೂತು. ಅಲ್ಲಿ ಹೊಸ ತಗಡು ವೆಲ್ಡ್ ಮಾಡಿಸುತ್ತಿದ್ದೇವೆ. ಮತ್ತೆ ಪುಟ್ಟಿ ತುಂಬಿದರೆ ಧಾರವಾಡದ ಮಳೆಗೆ ಜಂಗು ಒಳಗೊಳಗೇ ತಿನ್ನುತ್ತದೆ, ಮೇಲೆ ಬಣ್ಣ ಮಾತ್ರ ಫಳಫಳ. ಬಾಡಿ ಪೂರ್ತಿ ಹೋಗಿದ್ದರೆ ಎಲ್ಲ ಬಿಚ್ಚದೆ ಗತಿಯಿಲ್ಲ, ಒಪ್ಪುತ್ತೇನೆ. ಇದು ಹಾಗಿಲ್ಲ.

ಡಿಕ್ಕಿ ಮೇಲಿನ ಬಣ್ಣ ಮಾಸಿದೆ, ಆದರೆ ಅದು ಫ್ಯಾಕ್ಟರಿಯದ್ದು. ಸುಮ್ನೆ ಪಾಲಿಶ್ ಸಾಕು. ಸ್ಟೇರಿಂಗ್ ಮೇಲೆ ಕಾಕಾ ಕೈ ಇಡುತ್ತಿದ್ದ ಜಾಗ ಸವೆದು ನುಣುಪಾಗಿದೆ. ಅದನ್ನು ಅಳಿಸಿ ಯಾವುದೋ ಹೊಸ ಸ್ಟೇರಿಂಗ್ ಹಾಕಿದರೆ ಅದು ಕಾಕಾನ ಗಾಡಿ ಹೇಗಾಗುತ್ತೆ?

ಒಂದು ಕಾಲದಲ್ಲಿ ಇಂಥ ಎಷ್ಟೋ ಗಾಡಿಗಳಿಗೆ ಡೀಸೆಲ್ ಎಂಜಿನ್ ಕೂರಿಸಿದರು, ಸ್ಟೇರಿಂಗ್ ಪಕ್ಕದ ಗೇರನ್ನು ಕೆಳಕ್ಕೆ ಇಳಿಸಿದರು. ನೋಡಿದರೆ ಸಂಕಟವಾಗುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಬೇಕಿದ್ದರೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ನಮ್ಮದರಲ್ಲಿ ಮೂಲದ 1089 ಸಿಸಿ ಎಂಜಿನ್ ಇನ್ನೂ ಇದೆ. ಅದನ್ನೇ ರಿಪೇರಿ ಮಾಡಿಸುತ್ತೇವೆ, ಖರ್ಚು ಜಾಸ್ತಿಯಾದರೂ ಸರಿ.

ಸೀಟಿನದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಕಾಕುಗೆ ಹೊಸ ರೆಕ್ಸಿನ್ ಬೇಕು. ಸ್ಪ್ರಿಂಗ್ ಬದಲಿಸಿ, ಹಳೆ ರೆಕ್ಸಿನ್ನನ್ನೇ ಹೊಲಿಸೋಣ ಅಂತ ನಾನು. ಹುಬ್ಬಳ್ಳಿ-ಧಾರವಾಡದಲ್ಲಿ ಆ ಕೆಲಸ ನಾಜೂಕಾಗಿ ಮಾಡುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ.