ನಮ್ಮೋರಿಗೇನು ಕಮಿಷನ್?

ಮನೆ ಬ್ರೋಕರ್ ಕೆಲಸಕ್ಕೆ ಇಳಿದ ಹೊಸದರಲ್ಲಿ ಹಿರಿಯರೊಬ್ಬರು ಒಂದೇ ಪಾಠ ಹೇಳಿಕೊಟ್ಟಿದ್ದರು. "ಮೊದಲು ಊರು ಕೇಳು, ಮನೆ ಆಮೇಲೆ ತೋರಿಸು." ಊರು ಕೇಳೋದರ ಹಿಂದೆ ಇನ್ನೊಂದು ಪ್ರಶ್ನೆ ಅಡಗಿರುತ್ತೆ, ಅದು ಇಲ್ಲಿ ಬೇಡ ಬಿಡಿ.

ಅದಕ್ಕೂ ಮುಂಚೆ ನಾನು ನೀರಿನಿಂದ ಶುರು ಮಾಡುತ್ತಿದ್ದೆ. "ಕಾವೇರಿ ಕನೆಕ್ಷನ್ ಇದೆ ಸಾರ್" ಅಂತ ಜಂಬದಿಂದ ನಲ್ಲಿ ತಿರುಗಿಸಿದರೆ, ಅದು ಗೊರ್ರ್ ಅಂತ ಕೆಮ್ಮಿ ಸುಮ್ಮನಾಗುತ್ತಿತ್ತು. ಬೆಂಗಳೂರಿನ ಎಷ್ಟೋ ಕಡೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತೆ. ನಾನು ಹೋಗುತ್ತಿದ್ದುದು ಯಾವಾಗಲೂ ಆ ಬಿಟ್ಟ ದಿನ.

2025ರ ಜುಲೈನಲ್ಲಿ ನಾಗರಬಾವಿ ಕಡೆಯ ಒಂದು ಹಳೇ ಫ್ಲ್ಯಾಟ್ ನೋಡಲು ವಯಸ್ಸಾದ ದಂಪತಿ ಬಂದರು. ಕಾರು ಹತ್ತುತ್ತಲೇ ಪಾಠ ಪ್ರಯೋಗಿಸಿದೆ.

"ಯಾವೂರು ಸಾರ್ ನಿಮ್ದು?"

"ತಿಪಟೂರು."

"ಅಯ್ಯೋ! ನಮ್ಮನೆಯವಳ ತವರೂ ಅದೇ!"

ಅವಳ ತವರು ಅರಸೀಕೆರೆ. ಇಪ್ಪತ್ತೈದು ಕಿಲೋಮೀಟರ್ ಅಷ್ಟೇ ಅಲ್ವಾ, ವ್ಯಾಪಾರದಲ್ಲಿ ಅದೆಲ್ಲ ಒಂದು ದೂರವೇ? ಆದರೆ ಆಂಟಿ ಬಿಡಲಿಲ್ಲ. "ಯಾವ ಬೀದಿ? ಯಾರ ಮಗಳು? ಫೋನ್ ಹಾಕಪ್ಪ, ಮಾತಾಡ್ತೀನಿ." ಹಾಕಿದೆ. ಸ್ಪೀಕರ್‌ನಲ್ಲಿ ನನ್ನವಳು, "ತಿಪಟೂರಾ? ಬಸ್ಸಲ್ಲಿ ಹೋಗ್ವಾಗ ನೋಡಿದೀನಿ ಅಷ್ಟೇ" ಅಂದಳು.

ಕಾರಿನಲ್ಲಿ ಏಸಿ ಜಾಸ್ತಿಯಾದ ಹಾಗಾಯಿತು. ಪುಣ್ಯಕ್ಕೆ ಆಂಟಿ ಕೆದಕಿ ಕೆದಕಿ, ನನ್ನವಳ ದೊಡ್ಡಮ್ಮನ ಬೀಗರು ತಮಗೆ ಹತ್ತಿರದವರು ಅಂತ ಕಂಡುಹಿಡಿದರು. ನಾನು ಹೇಳಿದ ಸುಳ್ಳಿಗಿಂತ ಈ ನಿಜ ನನಗೆ ಜಾಸ್ತಿ ದುಬಾರಿಯಾಯಿತು.

ಅಂಕಲ್ ಟೇಪ್ ತಂದಿದ್ದರು. 1,200 ಚದರಡಿ ಅಂದಿದ್ದೆ. ಅಳೆದಾಗ ಸಿಕ್ಕಿದ್ದು 880. "ಮಿಕ್ಕಿದ್ದೆಲ್ಲಿ?" ಅಂದರು. ಲಿಫ್ಟು, ಮೆಟ್ಟಿಲು, ಓಡಾಡೋ ಜಾಗದಲ್ಲಿ ನಿಮ್ಮ ಪಾಲು ಅಂದೆ. "ಹಂಗಾದ್ರೆ ಮೆಟ್ಟಿಲ ಮೇಲೆ ಮಂಚ ಹಾಕ್ಬೋದಾ?" ಅಂದರು. ಆದರೂ ಮನೆ ಒಪ್ಪಿಗೆಯಾಯಿತು. 80 ಲಕ್ಷ. ಆಷಾಢ ಕಳೆಯಲಿ ಅಂದರು, ಅಷ್ಟೇ.

ಆ ಆಷಾಢದಲ್ಲಿ ನಾನು ಮನೆ ಮಗನಾದೆ. ಗ್ಯಾಸ್ ಸ್ಟವ್ ರಿಪೇರಿಯವನನ್ನು ಕಳಿಸಿದೆ. ತಂಗಿ ಮಗನಿಗೆ ಪಿ.ಜಿ. ಹುಡುಕಿದೆ. ಸೊಸೆಯ ತಮ್ಮನಿಗೆ ಹೆಣ್ಣು ನೋಡುವ ಜವಾಬ್ದಾರಿಯೂ ಬಂತು. ಶ್ರಾವಣ ಬಂದಾಗ ಮಾಲೀಕರ ಇ-ಖಾತೆ, ಅಂದರೆ ಆಸ್ತಿಯ ಡಿಜಿಟಲ್ ದಾಖಲೆ, ಬಂದಿರಲಿಲ್ಲ. ಅದು ಬಂದಾಗ ಗೌರಿ ಹಬ್ಬ. ಹಬ್ಬ ಮುಗೀಲಿ ಅಂದರು.

ಹಬ್ಬ ಮುಗಿಯಿತು. ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿತು. ಅಂದರೆ 80 ಸಾವಿರ ಜಾಸ್ತಿ. ಅಂಕಲ್ ಫೋನ್ ಮಾಡಿದರು. "ನಮ್ಮೋನಾಗಿ ಮೊದಲೇ ಹೇಳಬಾರದಾಗಿತ್ತೇನಪ್ಪ?" ಶುಲ್ಕ ಏರಿಸಿದವನು ನಾನೇ ಏನೋ ಅನ್ನುವ ದನಿ.

ಪಿತೃಪಕ್ಷಕ್ಕೆ ಮುಂಚೆ ಅಂತ ಹೇಗೋ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟು, ಫೋಟೋ ಎಲ್ಲ ಮುಗಿಯಿತು. ಹೊರಗೆ ಬಂದು ಮೆಲ್ಲಗೆ ತಲೆ ಕೆರೆದುಕೊಂಡೆ. ನನ್ನ ಕಮಿಷನ್ ಶೇ. 2, ಅಂದರೆ 1 ಲಕ್ಷದ 60 ಸಾವಿರ. ಆಂಟಿ ನನ್ನ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು. ಕಾವೇರಿಯಲ್ಲ, ನಿಜವಾದದ್ದು. "ಮನೆ ಮಗನಿಗೆ ಕಮಿಷನ್ ಕೊಟ್ಟು ಹೊರಗಿನೋನು ಮಾಡ್ಲಾ ಮಗಾ?"

ಏನು ಹೇಳೋದು ಹೇಳಿ?

ಮುಂದಿನ ವಾರ ತಿಪಟೂರಿನಿಂದ ಒಂದು ಚೀಲ ಬಂತು. ತೋಟದ ತೆಂಗಿನಕಾಯಿ. ನನ್ನವಳು ಕುಣಿದಾಡಿಬಿಟ್ಟಳು, "ನಮ್ಮ ಕಡೆಯವರು ಅಂದ್ರೆ ಹಿಂಗಿರಬೇಕು!" ನಾನು ನೆಲದ ಮೇಲೆ ಕೂತು ಎಣಿಸಿದೆ. ಐವತ್ತು. ಲೆಕ್ಕ ಹಾಕಿದರೆ ಒಂದು ಕಾಯಿಗೆ 3,200 ರೂಪಾಯಿ ಬಿತ್ತು.

ಚಟ್ನಿ ಚೆನ್ನಾಗಿತ್ತು.